ಇಂಗ್ಲೆಂಡಿನ ಹಳ್ಳಿಯ ಚರ್ಚಿಗೆ ಹೊಸಬರು ಹೋದರೆ

ಕಳೆದ ತಿಂಗಳು ಒಂದು ಸಂಜೆ ನಮ್ಮ ವಾಚನಾಲಯದ ಹಳೆಯ ಸದಸ್ಯರೊಬ್ಬರು ಪತ್ರಿಕೆಗಳನ್ನೆಲ್ಲ ಓದಿ ಮುಗಿಸಿದ ಮೇಲೂ ಏಳದೆ ಕುಳಿತಿದ್ದರು. ರೇಲ್ವೆಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು; ಹೆಸರು ಹಾಕುವುದು ಬೇಡವೆಂದಿದ್ದಾರೆ. ಅವರ ಮಗಳು ನರ್ಸಾಗಿ ಇಂಗ್ಲೆಂಡಿನ ಸಾಲ್ಸ್‌ಬರಿ ಪಟ್ಟಣಕ್ಕೆ ಹೋಗಿ ಎರಡು ವರ್ಷವಾಗುತ್ತ ಬಂತು. ಪಟ್ಟಣದಲ್ಲಿ ಬಾಡಿಗೆ ದುಬಾರಿಯೆಂದು ಹತ್ತಿರದ ಹಳ್ಳಿಯೊಂದರಲ್ಲಿ ಕೋಣೆ ಹಿಡಿದಿದ್ದಾಳೆ. ಪಕ್ಕದ ಮನೆಯಲ್ಲಿ ಒಬ್ಬ ಒಂಟಿ ಮುದುಕಿ. ಹುಡುಗಿ ಬಂದ ಹೊಸದರಲ್ಲಿ ಒಲೆ ಹೊತ್ತಿಸುವುದನ್ನು, ಕಸದ ಡಬ್ಬಿಯನ್ನು ಯಾವ ವಾರ ಹೊರಗಿಡಬೇಕೆಂಬುದನ್ನು ತೋರಿಸಿಕೊಟ್ಟು, ಚಳಿಗೆ ಕೈಯಿಂದ ಹೆಣೆದ ಉಣ್ಣೆಯ ಟೊಪ್ಪಿಗೆಯನ್ನೂ ಕೊಟ್ಟವಳು. ಹುಡುಗಿ ಆಕೆಯನ್ನು ಮನಸ್ಸಿನಲ್ಲೇ ಅಜ್ಜಿ ಎಂದು ಕರೆಯುತ್ತಿದ್ದಳಂತೆ. ಆ ಅಜ್ಜಿ ತೀರಿಕೊಂಡಳು. ಹಳ್ಳಿಯ ಚರ್ಚಿನಲ್ಲಿ ಶವಸಂಸ್ಕಾರದ ಪ್ರಾರ್ಥನೆಯಿತ್ತು. ರಾತ್ರಿಪಾಳಿ ಮುಗಿಸಿ ಬಂದ ಹುಡುಗಿ ಹೂವು ಕೊಂಡು ಚರ್ಚಿನವರೆಗೂ ಹೋದಳು. ಆದರೆ ಒಳಗೆ ಹೋಗಲಿಲ್ಲ. ರಸ್ತೆಯ ಆಚೆ ಬದಿಯಲ್ಲಿ ನಿಂತಿದ್ದು, ಎಲ್ಲ ಮುಗಿದು ಜನ ಚದುರಿದ ಮೇಲೆ ಹೂವನ್ನು ಗೇಟಿನ ಬಳಿ ಇಟ್ಟು ಮನೆಗೆ ಬಂದಳು. ಅಂದು ರಾತ್ರಿ ದೂರವಾಣಿಯಲ್ಲಿ ತಂದೆಯನ್ನು ಕೇಳಿದಳಂತೆ: “ಒಳಗೆ ಹೋಗಬಹುದಿತ್ತೇನಪ್ಪಾ?”

ತಂದೆಗೆ ಉತ್ತರ ತಿಳಿಯಲಿಲ್ಲ. ನಮ್ಮನ್ನು ಕೇಳಿದರು. ಹೋಗಬಹುದಿತ್ತು ಎಂದು ಆಗಲೇ ಹೇಳಿದೆವು. ಆದರೆ ಏಕೆ ಹೋಗಬಹುದಿತ್ತು, ಹೋದವರು ಅಲ್ಲಿ ಹೇಗೆ ನಡೆದುಕೊಳ್ಳಬೇಕು ಎಂಬುದನ್ನು ನಿಂತ ನಿಲುವಿನಲ್ಲಿ ಹೇಳಲಾಗಲಿಲ್ಲ. ನಮ್ಮ ಸದಸ್ಯರಲ್ಲಿ ಎಷ್ಟೋ ಮಂದಿಯ ಮಕ್ಕಳು ಈಗ ಆ ಕಡೆ ದುಡಿಯುತ್ತಿದ್ದಾರೆ. ಆದುದರಿಂದ ಈ ಸಂಚಿಕೆಯಲ್ಲಿ ಅದನ್ನೇ ಬರೆಯುತ್ತಿದ್ದೇವೆ.

ಹುಡುಗಿಯ ಸಂಕೋಚ ನಮಗೆ ಚೆನ್ನಾಗಿ ಅರ್ಥವಾಗುತ್ತದೆ. ನಾವೇ ಈ ಮುಂಬಯಿಗೆ ಬಂದ ಹೊಸದರಲ್ಲಿ, ಕಚೇರಿಯ ಸಹೋದ್ಯೋಗಿಯೊಬ್ಬರ ತಂದೆ ತೀರಿಕೊಂಡಾಗ ಒಂದು ಹಳೆಯ ಚರ್ಚಿಗೆ ಹೋಗಿದ್ದೆವು. ಹರಿಕಥೆಗೆ ಹೋದಾಗ ಮುಂದೆ ಜಾಗವಿದ್ದರೆ ಮುಂದೆ ಕೂಡುವುದು ನಮ್ಮ ಅಭ್ಯಾಸ. ಹಾಗೆಯೇ ನೆಟ್ಟಗೆ ಹೋಗಿ ಮೊದಲ ಬೆಂಚಿನಲ್ಲಿ ಕುಳಿತುಬಿಟ್ಟೆವು. ಅದು ಸತ್ತವರ ಮನೆಯವರಿಗೆಂದು ಬಿಟ್ಟ ಬೆಂಚು! ಯಾರೂ ಏನೂ ಅನ್ನಲಿಲ್ಲ. ಹೆಂಗಸರು ಬಂದು ಪಕ್ಕದಲ್ಲಿ ಸರಿದು ಕುಳಿತರು. ಆದರೆ ನಮ್ಮ ಮುಂದೆ ಯಾರೂ ಇಲ್ಲದ್ದರಿಂದ ಯಾವಾಗ ಏಳಬೇಕು, ಯಾವಾಗ ಮೊಣಕಾಲೂರಬೇಕು ಎಂಬುದು ಒಂದೂ ತಿಳಿಯದೆ, ಹಿಂದಿನವರ ಬಟ್ಟೆಯ ಸರಬರ ಸದ್ದು ಕೇಳಿ ಏಳುವುದು, ಮತ್ತೆ ಸದ್ದಾದರೆ ಕೂಡುವುದು ಹೀಗೆ ಮುಕ್ಕಾಲು ಗಂಟೆ ಕಳೆದೆವು. ಅಂದಿನ ಬೆವರು ಇನ್ನೂ ನೆನಪಿದೆ.

ಈಗ ವಿಷಯಕ್ಕೆ ಬರೋಣ. ಇಂಗ್ಲೆಂಡಿನ ಹಳ್ಳಿಯಲ್ಲಿ ಕಾಣುವ ಹಳೆಯ ಕಲ್ಲಿನ ಚರ್ಚು ಸಾಮಾನ್ಯವಾಗಿ ಆಂಗ್ಲಿಕನ್ ಪಂಥದ್ದು, ಎಂದರೆ ಚರ್ಚ್ ಆಫ್ ಇಂಗ್ಲೆಂಡಿಗೆ ಸೇರಿದ್ದು. ಎಂಟನೆಯ ಹೆನ್ರಿ ದೊರೆ 1534ರಲ್ಲಿ ರೋಮಿನ ಪೋಪರ ಅಧಿಕಾರವನ್ನು ಕಳಚಿಕೊಂಡಂದಿನಿಂದ ಅದು ಬೇರೆಯಾಗಿ ನಡೆದುಬಂದಿದೆ. ಇಂದಿಗೂ ಅದರ ಮೇಲಣ ಲೌಕಿಕ ಒಡೆತನ ಇಂಗ್ಲೆಂಡಿನ ಅರಸರದು. ಆ ಚರಿತ್ರೆ ಶಾಲೆಯ ಪುಸ್ತಕಗಳಲ್ಲಿಯೇ ಇದೆ. ಹೊಸಬರಿಗೆ ಅದಕ್ಕಿಂತ ಮುಖ್ಯವಾಗಿ ತಿಳಿದಿರಬೇಕಾದ ಶಬ್ದ ಒಂದೇ: ಪ್ಯಾರಿಷ್.

ಪ್ಯಾರಿಷ್ ಎಂದರೆ ಚರ್ಚಿನ ಸದಸ್ಯರ ಪಟ್ಟಿಯಲ್ಲ, ನೆಲ. ಇಂಥ ಹಳ್ಳದಿಂದ ಇಂಥ ರಸ್ತೆಯವರೆಗೆ, ಇಂಥ ಮರದಿಂದ ಇಂಥ ಕಲ್ಲಿನವರೆಗೆ ಎಂದು ಎಲ್ಲೆ ಕಟ್ಟಿದ ಭೂಮಿ. ಇಡೀ ಇಂಗ್ಲೆಂಡು ಇಂಥ 12,000ಕ್ಕೂ ಹೆಚ್ಚು ಪ್ಯಾರಿಷುಗಳಾಗಿ ಹಂಚಿಹೋಗಿದೆ. ನಮ್ಮ ಕಡೆ ಗ್ರಾಮದೇವತೆಗೆ ಒಂದು ಸೀಮೆಯುಂಟು. ಆ ಸೀಮೆಯೊಳಗೆ ಮನೆ ಮಾಡಿದವನು ಯಾವ ಜಾತಿಯವನಾದರೂ ಜಾತ್ರೆಗೆ ತನ್ನ ಪಾಲಿನ ಪಟ್ಟಿ ಕೊಡುತ್ತಾನೆ, ಊರಿಗೆ ರೋಗ ಬಂದರೆ ಹರಕೆಯಲ್ಲಿ ಸೇರುತ್ತಾನೆ. ಸುಮಾರಾಗಿ ಹಾಗೆಯೇ ಇದು. ವರ್ಷಕ್ಕೊಮ್ಮೆ ಈಸ್ಟರಿನ ನಂತರದ ವಾರಗಳಲ್ಲಿ ಪಾದ್ರಿಯೂ ಊರವರೂ ಎಲ್ಲೆಯುದ್ದಕ್ಕೂ ನಡೆದು, ಗಡಿಗಲ್ಲುಗಳನ್ನು ಎಳೆಯ ಕೋಲುಗಳಿಂದ ಬಡಿಯುವ ಪದ್ಧತಿ ಕೆಲವೆಡೆ ಈಗಲೂ ಇದೆ. ಹಿಂದಿನ ಕಾಲದಲ್ಲಿ ಕಲ್ಲನ್ನು ಬಡಿಯುವುದರ ಜೊತೆಗೆ ಹುಡುಗರನ್ನೂ ಬಡಿಯುತ್ತಿದ್ದರು, ಗಡಿ ಎಲ್ಲಿದೆಯೆಂಬುದು ಮುದುಕರಾಗುವವರೆಗೂ ಮರೆಯದಿರಲೆಂದು! ಭೂಪಟಗಳಿಲ್ಲದ ಕಾಲದಲ್ಲಿ ಹುಡುಗನ ಬೆನ್ನೇ ಭೂಪಟ.

ಆದರೆ ಈ ನೆಲದ ಲೆಕ್ಕ ಹೊಸಬರಿಗೆ ಯಾವಾಗಲೂ ಅನುಕೂಲವಾಗಿತ್ತೆಂದು ತಿಳಿಯಬಾರದು. ಊರು ಬಿಟ್ಟು ಊರಿಗೆ ಬಂದ ನಮ್ಮಂಥವರು ಇದನ್ನು ಕೊಂಚ ನಿಂತು ನೋಡಬೇಕು. 1601ರ ಕಾನೂನಿನಂತೆ ಪ್ರತಿಯೊಂದು ಪ್ಯಾರಿಷೂ ತನ್ನ ಬಡವರನ್ನು ತಾನೇ ಸಾಕಬೇಕಾಗಿತ್ತು. ಅದಕ್ಕಾಗಿ ಊರವರಿಂದ ತೆರಿಗೆ ಎತ್ತುತ್ತಿದ್ದರು. ಆಗ ತೆರಿಗೆ ಕೊಡುವವರಿಗೆ ಹೊಸ ಬಡವನ ಮುಖ ಕಂಡರೆ ದಿಗಿಲು. 1662ರಲ್ಲಿ ಬಂದ ಇನ್ನೊಂದು ಕಾನೂನು ಈ ದಿಗಿಲಿಗೆ ಬಲ ಕೊಟ್ಟಿತು. ಊರಿಗೆ ಬಂದು 40 ದಿನಗಳೊಳಗೆ, ವರ್ಷಕ್ಕೆ 10 ಪೌಂಡಿಗಿಂತ ಕಡಿಮೆ ಬಾಡಿಗೆಯ ಮನೆಯಲ್ಲಿರುವವನು ಮುಂದೆ ಊರಿಗೆ ಹೊರೆಯಾದಾನು ಎಂದು ಪ್ಯಾರಿಷಿನ ಅಧಿಕಾರಿಗಳು ದೂರಿದರೆ ಸಾಕು, ಇಬ್ಬರು ನ್ಯಾಯಾಧಿಕಾರಿಗಳು ಅವನನ್ನು ಅವನ ಹಿಂದಿನ ಪ್ಯಾರಿಷಿಗೆ ಸಾಗಹಾಕಬಹುದಾಗಿತ್ತು. ತಪ್ಪು ಮಾಡಿರಬೇಕಾಗಿಲ್ಲ, ಭಿಕ್ಷೆ ಬೇಡಿರಬೇಕಾಗಿಯೂ ಇಲ್ಲ. ಬೇಡಬಹುದೆಂಬ ಅನುಮಾನವೇ ಸಾಕು. ತುಂಬಿದ ಬಸುರಿಯರನ್ನು, ಹುಟ್ಟುವ ಮಗು ತಮ್ಮ ಲೆಕ್ಕಕ್ಕೆ ಬಂದೀತೆಂದು, ಗಾಡಿಗೆ ಹತ್ತಿಸಿ ಗಡಿ ದಾಟಿಸಿದ್ದುಂಟು. ನಿಜವಾಗಿ ಊರಿನ ನೆರವು ಕೇಳಿದವರನ್ನು ಮಾತ್ರ ಸಾಗಹಾಕತಕ್ಕದ್ದು ಎಂಬ ತಿದ್ದುಪಡಿಗೆ 1795ರವರೆಗೆ ಕಾಯಬೇಕಾಯಿತು. ಹೊಸಬನನ್ನು ಕಂಡು ‘ಇವನು ಎಲ್ಲಿಯವನು, ಎಷ್ಟು ದಿನ ಇರುತ್ತಾನೆ’ ಎಂದು ಕೇಳುವ ಕಣ್ಣು ಯಾವ ದೇಶಕ್ಕೂ ಹೊಸದಲ್ಲ. ನಮ್ಮಲ್ಲಿ ಚಾಳುಗಳಲ್ಲಿ ಕೋಣೆ ಹುಡುಕಿ ಅಲೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಅದೇ 1662ರಲ್ಲಿಯೇ ಆ ಚರ್ಚಿನ ಪ್ರಾರ್ಥನಾಪುಸ್ತಕವೂ ಈಗಿನ ರೂಪಕ್ಕೆ ಬಂತೆಂಬುದು ವಿಚಿತ್ರ. ಅದರ ಹೆಸರೇ ‘ಸಾಮಾನ್ಯ ಪ್ರಾರ್ಥನೆಯ ಪುಸ್ತಕ’. ಸಾಮಾನ್ಯವೆಂದರೆ ಎಲ್ಲರಿಗೂ ಸೇರಿದ್ದು ಎಂದರ್ಥ. ಒಂದೇ ವರ್ಷ, ಒಂದು ಕೈಯಲ್ಲಿ ಎಲ್ಲರ ಪುಸ್ತಕ, ಇನ್ನೊಂದು ಕೈಯಲ್ಲಿ ಹೊಸಬನನ್ನು ಹೊರಹಾಕುವ ಕಾಗದ.

ಕಾಲಕ್ರಮದಲ್ಲಿ ಬಡವರ ಪೋಷಣೆ ಸರ್ಕಾರಕ್ಕೆ ಹೋಯಿತು, ಸಾಗಹಾಕುವ ಅಧಿಕಾರವೂ ಹೋಯಿತು. ಉಳಿದದ್ದು ನೆಲದ ಲೆಕ್ಕ ಮಾತ್ರ. ಅದು ಈಗ ಹೊಸಬರ ಕಡೆಗೆ ವಾಲಿದೆ. ಪ್ಯಾರಿಷಿನ ಎಲ್ಲೆಯೊಳಗೆ ವಾಸವಾಗಿರುವ ಯಾರಿಗೇ ಆಗಲಿ ಅಲ್ಲಿಯ ಸಾರ್ವಜನಿಕ ಪ್ರಾರ್ಥನೆಗೆ ಹೋಗಿ ಕೂಡುವ ಹಕ್ಕುಂಟು. ಇದು ಪಾದ್ರಿಯ ದಾಕ್ಷಿಣ್ಯವಲ್ಲ, ಕಾನೂನು. ಚರ್ಚಿನ ಅಂಗಳದಲ್ಲಿ ಹೂಳಲು ಜಾಗವಿದ್ದರೆ ಅಲ್ಲಿ ಮಣ್ಣಾಗುವ ಹಕ್ಕೂ ಎಲ್ಲೆಯೊಳಗಿನ ಎಲ್ಲರಿಗೂ ಉಂಟು. ಇನ್ನೊಂದನ್ನು ಕೇಳಿದರೆ ನಮ್ಮ ವಾಚಕರು ನಂಬಲಾರರು. ಚರ್ಚಿನ ಆಸ್ತಿಪಾಸ್ತಿ, ಶಿಸ್ತು ನೋಡಿಕೊಳ್ಳಲು ಚರ್ಚ್‌ವಾರ್ಡನ್ ಎಂಬ ಇಬ್ಬರು ಗೃಹಸ್ಥರನ್ನು ಪ್ರತಿವರ್ಷ ಆರಿಸುತ್ತಾರೆ. ಆ ಸಭೆಯಲ್ಲಿ ಚರ್ಚಿನ ಪಟ್ಟಿಯಲ್ಲಿರುವವರು ಮಾತ್ರವಲ್ಲದೆ, ಆ ಪ್ಯಾರಿಷಿನಲ್ಲಿದ್ದು ಸ್ಥಳೀಯ ಚುನಾವಣೆಯ ಮತದಾರರ ಪಟ್ಟಿಯಲ್ಲಿ ಹೆಸರಿರುವ ಯಾರಾದರೂ ಮತ ಹಾಕಬಹುದು. ಇಂಗ್ಲೆಂಡಿನಲ್ಲಿ ಕ್ರಮಬದ್ಧವಾಗಿ ವಾಸವಾಗಿರುವ ಭಾರತೀಯ ಪ್ರಜೆ, ಕಾಮನ್‌ವೆಲ್ತಿನವನೆಂಬ ಕಾರಣದಿಂದ, ಆ ಮತದಾರರ ಪಟ್ಟಿಗೆ ಸೇರಬಹುದು. ಎಂದಮೇಲೆ ರಸ್ತೆಯಾಚೆ ನಿಂತು ನೋಡಿದ ನಮ್ಮ ಹುಡುಗಿ, ಹೆಸರು ನೋಂದಾಯಿಸಿಕೊಂಡಿದ್ದರೆ, ಆ ಚರ್ಚಿನ ವಾರ್ಡನ್ ಯಾರಾಗಬೇಕೆಂದು ಕೈಯೆತ್ತಿ ಹೇಳಬಲ್ಲವಳು! ತಾನೇ ವಾರ್ಡನ್ ಆಗಲು ಮಾತ್ರ ದೀಕ್ಷಾಸ್ನಾನವಾಗಿರಬೇಕು.

ಸಾಲ್ಸ್‌ಬರಿಯ ಮಾತು ಬಂದುದರಿಂದ ಅದರ ಪಕ್ಕದಲ್ಲಿಯೇ ಇರುವ ಒಂದು ಚರ್ಚನ್ನು ನೆನೆಯದೆ ಮುಂದೆ ಹೋಗಲಾರೆವು. ಬೆಮರ್ಟನ್ ಎಂಬ ಊರಿನ ಸೇಂಟ್ ಆಂಡ್ರೂ ಚರ್ಚು. ತೀರ ಚಿಕ್ಕದು; ನಮ್ಮ ಊರುಗಳ ಹನುಮಂತನ ಗುಡಿಗೆ ಒಂದು ಮೊಗಸಾಲೆ ಸೇರಿಸಿದಷ್ಟು. 1630ರಲ್ಲಿ ಜಾರ್ಜ್ ಹರ್ಬರ್ಟ್ ಎಂಬವರು ಅಲ್ಲಿಗೆ ಪಾದ್ರಿಯಾಗಿ ಬಂದರು. ದೊಡ್ಡ ಮನೆತನ, ಕೇಂಬ್ರಿಜ್ ವಿಶ್ವವಿದ್ಯಾಲಯದ ಪರವಾಗಿ ಭಾಷಣ ಮಾಡುವ ಪದವಿ, ಪಾರ್ಲಿಮೆಂಟಿನ ಸದಸ್ಯತ್ವ ಎಲ್ಲವನ್ನೂ ಕಂಡವರು. ಅವೆಲ್ಲವನ್ನೂ ಬಿಟ್ಟು ಈ ಕುಗ್ರಾಮಕ್ಕೆ ಬಂದು, ಮೂರು ವರ್ಷವೂ ತುಂಬದೆ 1633ರಲ್ಲಿ, ನಲವತ್ತು ತುಂಬುವ ಮೊದಲೇ ತೀರಿಕೊಂಡರು. ಅವರ ಕವಿತೆಗಳು ಅವರು ಸತ್ತ ವರ್ಷವೇ ಅಚ್ಚಾದವು. ಹಳ್ಳಿಯ ಪಾದ್ರಿ ಹೇಗಿರಬೇಕೆಂದು ಬರೆದ ಸಣ್ಣ ಪುಸ್ತಕ 1652ರಲ್ಲಿ ಬಂತು. ಅವರ ಚರಿತ್ರೆ ಬರೆದ ಐಸಾಕ್ ವಾಲ್ಟನ್ ಒಂದು ಸಂಗತಿ ಹೇಳುತ್ತಾನೆ. ಹರ್ಬರ್ಟರಿಗೆ ಸಂಗೀತದ ಹುಚ್ಚು; ವಾರಕ್ಕೆರಡು ಸಲ ಸಾಲ್ಸ್‌ಬರಿಗೆ ನಡೆದು ಹೋಗುತ್ತಿದ್ದರು. ಒಂದು ದಿನ ದಾರಿಯಲ್ಲಿ ಬಡವನೊಬ್ಬನ ಬಡಕಲು ಕುದುರೆ ಹೊರೆಯ ಸಮೇತ ಕುಸಿದುಬಿದ್ದಿತ್ತು. ಹರ್ಬರ್ಟರು ಪಾದ್ರಿಯ ಅಂಗಿಯನ್ನು ಕಳಚಿ ಅವನ ಜೊತೆ ಹೊರೆ ಇಳಿಸಿ, ಕುದುರೆ ಎಬ್ಬಿಸಿ, ಮತ್ತೆ ಹೊರೆ ಹೇರಿ, ಕೈಗೆ ಕಾಸೂ ಕೊಟ್ಟು, ಮೈಯೆಲ್ಲ ಕೆಸರಾಗಿ ಸಂಗೀತದ ಗೆಳೆಯರ ಬಳಿಗೆ ಬಂದರು. ಪಾದ್ರಿಗೆ ಇದು ತಕ್ಕುದಲ್ಲವೆಂದು ಒಬ್ಬ ಗೆಳೆಯ ಆಕ್ಷೇಪಿಸಿದಾಗ, ಇದರ ನೆನಪೇ ತನಗೆ ನಡುರಾತ್ರಿಯ ಸಂಗೀತವೆಂಬರ್ಥದಲ್ಲಿ ಉತ್ತರ ಕೊಟ್ಟರಂತೆ. ಗದ್ದೆಯಲ್ಲಿ ನೇಗಿಲು ಹೂಡಿದವರು ಇವರ ಚರ್ಚಿನ ಗಂಟೆ ಕೇಳಿದರೆ ನೇಗಿಲು ನಿಲ್ಲಿಸಿ ನಿಂತಲ್ಲೇ ಪ್ರಾರ್ಥಿಸುತ್ತಿದ್ದರೆಂದೂ ವಾಲ್ಟನ್ ಬರೆದಿದ್ದಾನೆ. ಚರಿತ್ರಕಾರ ಭಕ್ತನಾದರೆ ತುಸು ಹೆಚ್ಚಿಸಿ ಬರೆಯುತ್ತಾನೆಂಬುದು ನಮ್ಮ ಸಂತರ ಕಥೆಗಳಿಂದ ನಮಗೆ ಗೊತ್ತೇ ಇದೆ. ಆದರೂ ಇಂಗ್ಲಿಷರು ‘ಹಳ್ಳಿಯ ಪಾದ್ರಿ’ ಎಂದಾಗ ಅವರ ಮನಸ್ಸಿನಲ್ಲಿ ನಿಲ್ಲುವ ಚಿತ್ರದ ಬಹುಪಾಲು ಈ ಬೆಮರ್ಟನ್ನಿನದು.

ಇನ್ನು ಹೊಸಬರು ಒಳಗೆ ಹೋದರೆ ಕಾಣುವುದೇನು? ಮೊದಲು ರಸ್ತೆಯ ಬದಿಯ ಫಲಕವನ್ನು ನೋಡಬೇಕು. ಹಿಂದೆ ಊರಿಗೊಬ್ಬ ಪಾದ್ರಿಯಿದ್ದ. ಈಗ ಒಬ್ಬರಿಗೆ ನಾಲ್ಕೈದು ಹಳ್ಳಿ, ಕೆಲವೆಡೆ ಹತ್ತು. ಆದುದರಿಂದ ತಿಂಗಳಿನ ಎಲ್ಲ ಆದಿತ್ಯವಾರವೂ ಪ್ರಾರ್ಥನೆ ಇರುತ್ತದೆಂದು ನಂಬಿ ಹೋಗಬಾರದು. ಮೊದಲನೆಯ ಆದಿತ್ಯವಾರ ಇಲ್ಲಿ, ಎರಡನೆಯದು ಪಕ್ಕದ ಊರಿನಲ್ಲಿ ಎಂದಿರುತ್ತದೆ. ನಮ್ಮವರು ಬಾಗಿಲಲ್ಲಿ ಪಾದರಕ್ಷೆ ಬಿಡಲು ಬಗ್ಗುತ್ತಾರೆ. ಬಿಡಬೇಕಾಗಿಲ್ಲ, ಕಲ್ಲಿನ ನೆಲ ಹಿಮದಂತೆ ಕೊರೆಯುತ್ತದೆ, ಕೋಟನ್ನೂ ತೆಗೆಯದಿದ್ದರೆ ಒಳ್ಳೆಯದು. ಗಂಡಸರು ಟೊಪ್ಪಿಗೆಯನ್ನು ಮಾತ್ರ ತೆಗೆಯುವುದು ವಾಡಿಕೆ. ಬಾಗಿಲ ಬಳಿ ನಿಂತವರು ಒಂದೆರಡು ಪುಸ್ತಕಗಳನ್ನು ಕೈಗೆ ಕೊಡುತ್ತಾರೆ: ಒಂದು ಪ್ರಾರ್ಥನೆಯದು, ಒಂದು ಹಾಡುಗಳದು. ಹಾಡುಗಳ ಸಂಖ್ಯೆಗಳು ಗೋಡೆಯ ಹಲಗೆಯ ಮೇಲೆ ಇರುತ್ತವೆ. ಹಿಂದಿನ ಬೆಂಚಿನಲ್ಲಿ ಕೂಡಬೇಕು; ಏಕೆಂಬುದನ್ನು ಮೇಲೆಯೇ ಹೇಳಿದ್ದೇವೆ. ಆದರೆ ತೀರ ಹಿಂದಿನದರಲ್ಲಿ ಬೇಡ, ಅಲ್ಲಿ ವಾರ್ಡನ್ನರೋ ಊರಿನ ಹಳಬರೋ ಕೂಡುವುದುಂಟು. ನಮ್ಮ ವಾಚನಾಲಯದಲ್ಲಿ ಕಿಟಕಿ ಪಕ್ಕದ ಕುರ್ಚಿ ಯಾರದೆಂದು ಎಲ್ಲಿಯೂ ಬರೆದಿಲ್ಲವಷ್ಟೆ? ಹಾಗೆಯೇ.

ಮುಂದಿನ ಬೆಂಚಿನ ಬೆನ್ನಿಗೆ ತೂಗುಹಾಕಿದ ದಿಂಬು ತಲೆಗಲ್ಲ, ಮೊಣಕಾಲಿಗೆ. ಊರಿನ ಹೆಂಗಸರು ಕಸೂತಿ ಹಾಕಿ ಮಾಡಿರುತ್ತಾರೆ. ಸತ್ಯವೇದದ ಪಾಠ ಓದುವಾಗ ಕೂಡುತ್ತಾರೆ, ಹಾಡುವಾಗ ಏಳುತ್ತಾರೆ, ಪ್ರಾರ್ಥನೆಗೆ ಮೊಣಕಾಲೂರುತ್ತಾರೆ. ವಿಶ್ವಾಸಪ್ರಮಾಣವನ್ನು ಹೇಳುವಾಗ ಹಳೆಯ ಪದ್ಧತಿಯ ಚರ್ಚುಗಳಲ್ಲಿ ಎಲ್ಲರೂ ಪೂರ್ವಕ್ಕೆ ತಿರುಗುತ್ತಾರೆ. ನಮಗೆ ಅದು ಹೊಸದಲ್ಲ. ಮೊಣಕಾಲೂರಲು ಮನಸ್ಸಿಲ್ಲದವರು ತಲೆ ತಗ್ಗಿಸಿ ಕುಳಿತಿದ್ದರೆ ಯಾರೂ ತಪ್ಪು ತಿಳಿಯುವುದಿಲ್ಲ. ಎಂಬತ್ತರ ಮುದುಕರು ಮಾಡುವುದೂ ಅದನ್ನೇ. ಬಾಯಿಬಿಟ್ಟು ಹೇಳಲು ಮನಸ್ಸೊಪ್ಪದ ಮಾತನ್ನು ಹೇಳಬೇಕಾಗಿಯೂ ಇಲ್ಲ.

ಹಳೆಯ ಪದ್ಧತಿಯ ಪ್ಯಾರಿಷ್ ಎಂದರೆ ಮುಖ್ಯವಾಗಿ 1662ರ ಪುಸ್ತಕವನ್ನು ಬಿಡದವರು. 2000ದಲ್ಲಿ ಬಂದ ಹೊಸ ಪುಸ್ತಕದ ಇಂಗ್ಲಿಷು ಈಗಿನ ನುಡಿ. ಹಳೆಯದರ ಇಂಗ್ಲಿಷು ಕಚೇರಿಯ ಇಂಗ್ಲಿಷು ಬಲ್ಲವರಿಗೂ ಮೊದಲು ತೊಡಕು. ಅಲ್ಲಿ ದೇವರನ್ನು ‘ದೌ’ ಎಂದು ಕರೆಯುತ್ತಾರೆ. ಇದು ಬಹುಮಾನದ ಶಬ್ದವೆಂದು ಎಷ್ಟೋ ಇಂಗ್ಲಿಷರೇ ತಿಳಿದಿದ್ದಾರೆ. ಅಲ್ಲ, ಅದು ಏಕವಚನ, ನಮ್ಮ ‘ನೀನು’. ಮನೆಯವರನ್ನೂ ಮಕ್ಕಳನ್ನೂ ಕರೆಯುತ್ತಿದ್ದ ಶಬ್ದ. ಮಾತಿನಲ್ಲಿ ಅದು ಸತ್ತುಹೋಗಿ ಪ್ರಾರ್ಥನೆಯಲ್ಲಿ ಮಾತ್ರ ಉಳಿಯಿತು. ಮೇಲಧಿಕಾರಿಗೆ ‘ತಾವು’ ಎಂದು, ದೇವರಿಗೆ ‘ನೀನು’ ಎನ್ನುವ ಕನ್ನಡಿಗನಿಗೆ ಈ ಗುಟ್ಟು ಇಂಗ್ಲಿಷನಿಗಿಂತ ಬೇಗ ತಿಳಿಯುತ್ತದೆ.

ಬೆಳಗಿನ ಪ್ರಾರ್ಥನೆಯಲ್ಲಿ ಅನೇಕವೇಳೆ ಕರ್ತನ ಭೋಜನವೆಂಬ ಸಂಸ್ಕಾರವಿರುತ್ತದೆ. ರೊಟ್ಟಿಯ ಚೂರನ್ನೂ ದ್ರಾಕ್ಷಾರಸವನ್ನೂ ಕೊಡುತ್ತಾರೆ. ಇದನ್ನು ಪ್ರಸಾದವೆಂದು ತಿಳಿದು ಕೈಯೊಡ್ಡುವುದು ನಮ್ಮವರು ಮಾಡುವ ತಪ್ಪು. ಪ್ರಸಾದ ಬಂದವರಿಗೆಲ್ಲ, ಇದು ದೀಕ್ಷಾಸ್ನಾನ ಪಡೆದು ತಮ್ಮ ತಮ್ಮ ಸಭೆಯಲ್ಲಿ ಅದನ್ನು ಸ್ವೀಕರಿಸುವವರಿಗೆ. ಬೇರೆ ಪಂಥದ ಅಂಥ ಕ್ರೈಸ್ತರಿಗೂ 1972ರಿಂದ ಅವಕಾಶವಿದೆ. ಉಳಿದವರು ಬೆಂಚಿನಲ್ಲಿಯೇ ಕುಳಿತಿರಬಹುದು. ಇಲ್ಲವೆ ಎಲ್ಲರೊಡನೆ ಮುಂದೆ ಹೋಗಿ ಎದೆಯ ಮೇಲೆ ಕೈಗಳನ್ನು ಅಡ್ಡವಾಗಿಟ್ಟು ತಲೆಬಾಗಿದರೆ ಪಾದ್ರಿ ಆಶೀರ್ವದಿಸಿ ಕಳುಹಿಸುತ್ತಾರೆ. ಇದರ ಗೊಂದಲವೇ ಬೇಡವೆನ್ನುವವರಿಗೆ ನಾವು ಹೇಳುವುದು ಸಂಜೆಯ ಪ್ರಾರ್ಥನೆಗೆ ಹೋಗಿರೆಂದು. ಅಲ್ಲಿ ಕೊಡುವುದೂ ಇಲ್ಲ, ಕೊಳ್ಳುವುದೂ ಇಲ್ಲ. ದಾವೀದನ ಕೀರ್ತನೆಗಳು, ಎರಡು ಪಾಠ, ಕೆಲವು ಪ್ರಾರ್ಥನೆ. ಹೊರಗೆ ಕತ್ತಲಾಗುತ್ತ ಬರುವಾಗ ಕುಳಿತು ಕೇಳಿದರೆ ಸಾಕು. ಬಿ.ಬಿ.ಸಿ. ರೇಡಿಯೋ 1926ರಿಂದ ಈ ಸಂಜೆಯ ಪ್ರಾರ್ಥನೆಯನ್ನು ಹಾಡಿನ ರೂಪದಲ್ಲಿ ಪ್ರಸಾರ ಮಾಡುತ್ತಿದೆ. ಹೋಗುವ ಮುನ್ನ ಕೇಳಿ ಅಭ್ಯಾಸ ಮಾಡಿಕೊಳ್ಳಬಹುದು.

ತಟ್ಟೆ ಬರುತ್ತದೆ. ಹಾಕಿದರೆ ಹಾಕಬಹುದು, ಬಿಟ್ಟರೆ ಬಿಡಬಹುದು. ಆದರೆ ಆ ಕಲ್ಲಿನ ಮಾಡು ಸೋರುವುದನ್ನು ಸರ್ಕಾರ ಕಟ್ಟಿಸುತ್ತದೆಂದು ತಿಳಿಯಬೇಡಿ. ಹದಿನೈದಿಪ್ಪತ್ತು ಮುದುಕರು ತಮ್ಮ ಪಿಂಚಣಿಯಿಂದ ಎತ್ತಿ ಕೊಟ್ಟ ಹಣದಲ್ಲಿಯೇ ಬಹುಪಾಲು ನಡೆಯಬೇಕು.

ನಮ್ಮ ಸದಸ್ಯರಿಗೆ ಇದ್ದ ಇನ್ನೊಂದು ಅಳುಕನ್ನೂ ಮುಚ್ಚಿಡುವುದಿಲ್ಲ. ಒಳಗೆ ಹೋದರೆ ಮತಕ್ಕೆ ಸೇರಿಸಿಕೊಂಡುಬಿಟ್ಟಾರೆಯೆ? ಊರಲ್ಲಿ ಜನ ಏನೆಂದಾರು? ದೀಕ್ಷಾಸ್ನಾನ ತಾನಾಗಿ ಮೈಮೇಲೆ ಬೀಳುವ ಮಳೆಯಲ್ಲ. ಕೇಳಿಕೊಂಡು, ಕಲಿತು, ಒಪ್ಪಿ ಪಡೆಯತಕ್ಕದ್ದು. ಬೆಂಚಿನಲ್ಲಿ ಕುಳಿತುಬಂದುದರಿಂದ ಯಾರ ಪಟ್ಟಿಗೂ ಹೆಸರು ಹೋಗುವುದಿಲ್ಲ. ಸುವಾರ್ತೆ ಸಾರುವ ಹುರುಪಿನ ಸಭೆಗಳು ಆ ದೇಶದಲ್ಲೂ ಉಂಟು. ಆದರೆ ಹಳೆಯ ಹಳ್ಳಿಯ ಪ್ಯಾರಿಷಿನ ದೋಷ ಅದಕ್ಕೆ ತದ್ವಿರುದ್ಧವಾದುದು. ಅವರು ನಿಮ್ಮನ್ನು ಮಾತಾಡಿಸದೆಯೇ ಬಿಟ್ಟುಬಿಡಬಹುದು! ಅದು ತಿರಸ್ಕಾರವಲ್ಲ, ಇಂಗ್ಲಿಷರ ನಾಚಿಕೆ. ಪ್ರಾರ್ಥನೆ ಮುಗಿದ ಮೇಲೆ ಹಿಂಭಾಗದಲ್ಲಿ ಚಹಾ, ಬಿಸ್ಕತ್ತು ಇಟ್ಟಿದ್ದರೆ ಒಂದು ಬಟ್ಟಲು ತೆಗೆದುಕೊಂಡು ನಿಲ್ಲಬೇಕು. ಯಾರಾದರೊಬ್ಬರು ಬಂದು ಹವೆಯ ಮಾತು ತೆಗೆಯುತ್ತಾರೆ. ಹವೆಯ ಮಾತಿಗೆ ಮನಃಪೂರ್ವಕವಾಗಿ ಉತ್ತರ ಕೊಟ್ಟರೆ ಎರಡನೆಯ ವಾರ ಹೆಸರು ಕೇಳುತ್ತಾರೆ.

ಪಾದ್ರಿಯನ್ನು ಕೆಲವು ಕಡೆ ವಿಕರ್ ಎನ್ನುತ್ತಾರೆ, ಕೆಲವು ಕಡೆ ರೆಕ್ಟರ್. ನಮ್ಮ ಕಪಾಟಿನ ಇಂಗ್ಲಿಷ್ ಕಾದಂಬರಿ ಓದುವವರು ಇದನ್ನು ಆಗಾಗ ಕೇಳುತ್ತಾರೆ. ಹಿಂದೆ ಬೆಳೆಯ ಹತ್ತನೆಯ ಒಂದು ಪಾಲು ಚರ್ಚಿಗೆ ಸಲ್ಲುತ್ತಿತ್ತು. ಅದನ್ನು ಪೂರ್ತಿ ಪಡೆಯುವವನು ರೆಕ್ಟರ್, ದೊಡ್ಡ ಪಾಲು ಬೇರೊಬ್ಬರಿಗೆ ಹೋಗಿ ಸಣ್ಣ ಪಾಲಿನ ಮೇಲೆ ಕೆಲಸ ನಡೆಸುವವನು ವಿಕರ್. ಪಾಲು ಹೋಯಿತು, ಹೆಸರುಳಿಯಿತು. ಈಗ ಆ ಸ್ಥಾನದಲ್ಲಿ ಹೆಂಗಸರೂ ಇರುತ್ತಾರೆ. 1994ರಿಂದ ಸ್ತ್ರೀಯರು ಪಾದ್ರಿಗಳಾಗಿದ್ದಾರೆ, 2015ರಿಂದ ಬಿಷಪ್ಪರೂ ಆಗಿದ್ದಾರೆ. 2025ರ ಅಕ್ಟೋಬರಿನಲ್ಲಿ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಪದವಿಗೆ ಹೆಸರಿಸಲಾದ ಸಾರಾ ಮಲ್ಲಲಿಯವರು ಆ ಪೀಠಕ್ಕೆ ಬಂದ ಮೊದಲ ಸ್ತ್ರೀ. ಪಾದ್ರಿಯಾಗುವ ಮೊದಲು ನರ್ಸಾಗಿದ್ದು, ಇಂಗ್ಲೆಂಡಿನ ಸರ್ಕಾರದ ಮುಖ್ಯ ನರ್ಸಿಂಗ್ ಅಧಿಕಾರಿಯಾಗಿದ್ದವರು. ಇದನ್ನು ಹೇಳಿದಾಗ ನಮ್ಮ ಸದಸ್ಯರ ಮುಖ ಮೊದಲ ಸಲ ಅರಳಿತು. ಸ್ತ್ರೀ ಪಾದ್ರಿಗಳನ್ನು ಒಪ್ಪದೆ ಹಳೆಯದಕ್ಕೆ ಅಂಟಿಕೊಂಡ ಪ್ಯಾರಿಷುಗಳೂ ಇವೆ; ತಮ್ಮನ್ನು ಸಂಪ್ರದಾಯಸ್ಥರೆಂದು ಕರೆದುಕೊಳ್ಳುವವರಲ್ಲಿ ಅವರೂ ಸೇರುತ್ತಾರೆ.

ಭಾರತದಲ್ಲಿ ಆಂಗ್ಲಿಕನ್ ಎಂಬ ಹೆಸರಿನ ಪ್ಯಾರಿಷನ್ನು ಹುಡುಕಿದರೆ ಹಳೆಯ ಕಟ್ಟಡಗಳೇನೋ ಸಿಗುತ್ತವೆ, ಹೆಸರು ಬದಲಾಗಿದೆ. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಆಂಗ್ಲಿಕನ್, ಮೆಥಡಿಸ್ಟ್ ಮೊದಲಾದ ಸಭೆಗಳು ಕೂಡಿ ದಕ್ಷಿಣ ಭಾರತ ಸಭೆಯಾಯಿತು. 1970ರ ನವೆಂಬರ್ 29ರಂದು ನಾಗಪುರದಲ್ಲಿ ಉತ್ತರ ಭಾರತ ಸಭೆಯಾಯಿತು. ಬೆಂಗಳೂರು ದಂಡಿನ ಸೇಂಟ್ ಮಾರ್ಕ್ಸ್ ಮೊದಲನೆಯದಕ್ಕೆ, ಮುಂಬಯಿ ಕೊಲಾಬಾದ ಎತ್ತರದ ಗೋಪುರದ ಅಫ್ಘಾನ್ ಚರ್ಚು ಎರಡನೆಯದಕ್ಕೆ ಸೇರಿವೆ. ಕ್ರೈಸ್ತರೆಂದರೆ ಕನ್ನಡಿಗರಿಗೆ ಮೊದಲು ನೆನಪಾಗುವ ಕಿಟೆಲ್, ಮೋಗ್ಲಿಂಗರು ಆಂಗ್ಲಿಕನ್ನರಲ್ಲ. ಬಾಸೆಲ್ ಮಿಶನ್ನಿನ ಜರ್ಮನರು. ಅವರು ಕನ್ನಡದಲ್ಲಿ ನೆಲೆಸಿದಂತೆ ಆಂಗ್ಲಿಕನ್ನರು ನೆಲೆಸಲಿಲ್ಲ.

ಮದುವೆಯ ಮಾತನ್ನೂ ಒಂದಿಷ್ಟು ಹೇಳಿಬಿಡಬೇಕು, ಮಕ್ಕಳು ಪ್ರಾಯದವರಾದ್ದರಿಂದ. ಇಂಗ್ಲಿಷರು ಚರ್ಚಿನಲ್ಲಿ ಮದುವೆಯಾಗುವುದಿದ್ದರೆ ಮೊದಲು ಮೂರು ಆದಿತ್ಯವಾರ ಅವರ ಹೆಸರುಗಳನ್ನು ಎಲ್ಲರೆದುರು ಓದಿ, ಅಡ್ಡಿಯಿದ್ದವರು ಹೇಳಿರೆಂದು ಕೇಳುತ್ತಾರೆ. ವಧುವರರಲ್ಲಿ ಒಬ್ಬರು ಭಾರತೀಯ ಪ್ರಜೆಯಾಗಿದ್ದರೆ 2015ರಿಂದ ಸಾಮಾನ್ಯವಾಗಿ ಇದು ಸಾಲದು. ಸರ್ಕಾರಿ ರಿಜಿಸ್ಟ್ರಾರರ ಪ್ರಮಾಣಪತ್ರ ಬೇಕು. ಪಾದ್ರಿಗೆ ಇದು ತಿಳಿದಿರುತ್ತದೆ, ಆದರೂ ಮೊದಲೇ ಹೇಳಿಕೊಂಡರೆ ದಿನಾಂಕ ಮುಂದೆ ಹೋಗುವುದು ತಪ್ಪುತ್ತದೆ.

ಶವಸಂಸ್ಕಾರಕ್ಕೆ ಆಮಂತ್ರಣವಿಲ್ಲ. ಅದು ಸಾರ್ವಜನಿಕ ಪ್ರಾರ್ಥನೆ. ಗೊತ್ತಿದ್ದವರು ಬಂದು ಹಿಂದೆ ಕುಳಿತು ಹೋಗುತ್ತಾರೆ. ಮನೆಯವರು ಖಾಸಗಿಯಾಗಿ ನಡೆಸಬೇಕೆಂದಿದ್ದರೆ ಅದನ್ನು ಮೊದಲೇ ತಿಳಿಸಿರುತ್ತಾರೆ. ಕಪ್ಪು ಇಲ್ಲವೆ ಗಾಢ ಬಣ್ಣದ ಬಟ್ಟೆ ಸಾಕು. ನರ್ಸಿನ ಸಮವಸ್ತ್ರದಲ್ಲಿ ಹೋಗಿದ್ದರೂ ಯಾರೂ ಬೇಡವೆನ್ನುತ್ತಿರಲಿಲ್ಲ.

ಇಷ್ಟನ್ನೂ ಕೇಳಿದ ಮೇಲೆ ನಮ್ಮ ಸದಸ್ಯರು, “ಆ ದಿನ ಹೋಯಿತಲ್ಲ, ಈಗೇನು ಮಾಡಲಿ ಅಂತ ಹೇಳಲಿ ಅವಳಿಗೆ?” ಎಂದರು. ಚರ್ಚಿನ ಅಂಗಳದ ಗೇಟಿಗೆ ಸಾಮಾನ್ಯವಾಗಿ ಬೀಗವಿರುವುದಿಲ್ಲ. ಪಾಳಿ ಮುಗಿಸಿ ಬರುವಾಗ ಯಾವ ದಿನ ಬೇಕಾದರೂ ಒಳಗೆ ಹೋಗಿ ಸಮಾಧಿಯ ಬಳಿ ನಿಂತು ಬರಬಹುದು, ಯಾರನ್ನೂ ಕೇಳಬೇಕಾಗಿಲ್ಲ. ಹೊಸ ಸಮಾಧಿಗೆ ಮಣ್ಣು ಕೂಡುವವರೆಗೆ ಕಲ್ಲು ನೆಡುವುದಿಲ್ಲ. ಆದುದರಿಂದ ಹೆಸರಿನ ಕಲ್ಲನ್ನು ಹುಡುಕದೆ, ಹೊಸ ಮಣ್ಣಿನ ದಿಬ್ಬವನ್ನು ಹುಡುಕಬೇಕು. ಹೂವು ನಿಜವಾದುದಿರಲಿ. ಪ್ಲಾಸ್ಟಿಕ್ ಹೂವನ್ನು ಎಷ್ಟೋ ಅಂಗಳಗಳಲ್ಲಿ ಇಡಗೊಡುವುದಿಲ್ಲ.